ನನ್ನ ಹಾಳೆಯಲ್ಲಿ 16, ವೈದ್ಯರ ಹಾಳೆಯಲ್ಲಿ 8: ಖಿನ್ನತೆಯ ಅಳತೆಯಲ್ಲಿ ಯಾರ ಅಂಕವನ್ನು ನಂಬಬೇಕು?

ತುಂಗಾತೀರ
ಖಿನ್ನತೆಗೆ ಕೆಲವು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪ್ರತಿ ಭೇಟಿಯಲ್ಲೂ ಹೊರಗೆ ಬೆಂಚಿನ ಮೇಲೆ ಕುಳಿತು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ತುಂಬಿಸಬೇಕು. ಈ ಸಲ ನನ್ನ ಮೊತ್ತ 16 ಬಂತು. ಒಳಗೆ ವೈದ್ಯರು ಸಾವಧಾನವಾಗಿಯೇ ಮಾತನಾಡಿಸಿದರು. ಕೊನೆಗೆ ತಮ್ಮ ಹಾಳೆಯಲ್ಲಿ ‘ಹ್ಯಾಮಿಲ್ಟನ್ 8’ ಎಂದು ಬರೆದು, ಸುಧಾರಣೆ ಚೆನ್ನಾಗಿದೆ, ಇದೇ ಪ್ರಮಾಣ ಮುಂದುವರಿಸೋಣ ಎಂದರು. ನನಗೆ ಚೆನ್ನಾಗಿದೆ ಎನ್ನಿಸುತ್ತಿಲ್ಲ. ಆದರೆ ಅವರು ಓದಿದವರು, ನೂರಾರು ರೋಗಿಗಳನ್ನು ಕಂಡವರು. ನಾನು ಹೆಚ್ಚಿಗೆ ಬರೆದುಕೊಂಡೆನೇ, ಅವರು ಕಡಿಮೆ ಬರೆದರೇ? ಬಲ್ಲವರು ತಿಳಿಸಿ.

ನೇರಮಾತು
ಇದರಲ್ಲಿ ಗೊಂದಲವೇನಿದೆ? ವೈದ್ಯರು ಹೊರಗಿನಿಂದ ನೋಡುತ್ತಾರೆ, ಆದ್ದರಿಂದ ಅವರ ಅಂಕವೇ ಗಟ್ಟಿ. ತನ್ನ ಕಷ್ಟ ಯಾರಿಗೂ ದೊಡ್ಡದಾಗಿಯೇ ಕಾಣುತ್ತದೆ. ರಜೆ ಬೇಕಾದವನು ಬೇಕಾದರೆ 27ಕ್ಕೆ 27 ಗುರುತು ಹಾಕಿಕೊಂಡು ಬರುತ್ತಾನೆ.

ಮಂಗಳವಾರದ ಡಾಕ್ಟರು
ತುಂಗಾತೀರ ಅವರೇ, ನಾನು ಮನೋವೈದ್ಯ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರುತ್ತೇನೆ, ಹೆಸರು ಅಲ್ಲಿಂದ ಬಂದದ್ದು. ನಿಮ್ಮನ್ನು ನೋಡದೆ ನಿಮ್ಮ ಚಿಕಿತ್ಸೆಯ ಬಗ್ಗೆ ಮಾತನಾಡಲಾರೆ. ಆ ಎರಡು ಹಾಳೆಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅರ್ಧ ಉತ್ತರ ಅವುಗಳ ಒಳಗೇ ಇದೆ.

ಹ್ಯಾಮಿಲ್ಟನ್ ಮಾಪಕವನ್ನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದರು. ಅದು ರೋಗ ಪತ್ತೆಗೆ ಮಾಡಿದ್ದಲ್ಲ. ಖಿನ್ನತೆ ಇದೆಯೆಂದು ಮೊದಲೇ ತೀರ್ಮಾನವಾದವರಲ್ಲಿ ಅದು ಎಷ್ಟಿದೆ ಎಂದು ಅಳೆಯಲು ಮಾಡಿದ್ದು. ಹೆಚ್ಚು ಬಳಕೆಯಲ್ಲಿರುವುದು 17 ಅಂಶಗಳ ರೂಪ, ಗರಿಷ್ಠ ಅಂಕ 52. ಅದರಲ್ಲಿ ನಿದ್ದೆಗೇ ಮೂರು ಅಂಶಗಳು: ನಿದ್ದೆ ಹತ್ತುವುದು ತಡ, ನಡುರಾತ್ರಿ ಎಚ್ಚರ, ಬೆಳಗಿನ ಜಾವ ಬೇಗ ಎಚ್ಚರ. ತಲಾ ಎರಡರಂತೆ ಒಟ್ಟು ಆರು ಅಂಕ. ಹಸಿವೆ ಮತ್ತು ಹೊಟ್ಟೆಗೆ ಎರಡು, ತೂಕ ಇಳಿದರೆ ಎರಡು. ಮಿರ್ಟಾಜಪಿನ್‌ನಂತಹ ಮಾತ್ರೆ ಕೊಟ್ಟರೆ ಹಲವರಿಗೆ ಮೊದಲ ದಿನಗಳಲ್ಲೇ ನಿದ್ದೆ ಬರುತ್ತದೆ, ಹಸಿವೆ ತೆರೆಯುತ್ತದೆ. ಮನಸ್ಸು ಇದ್ದಲ್ಲೇ ಇದ್ದರೂ ಹ್ಯಾಮಿಲ್ಟನ್ ಅಂಕ ಎಂಟು ಹತ್ತು ಇಳಿದುಬಿಡಬಹುದು.

ಪಿಎಚ್‌ಕ್ಯೂ-9ರ ಹುಟ್ಟು ಬೇರೆ. ಸಾಮಾನ್ಯ ವೈದ್ಯರ ಬಳಿ ಬರುವವರಿಗಾಗಿ ಮಾಡಿದ ಈ ಪ್ರಶ್ನಾವಳಿಯ ಪ್ರಬಂಧ 2001ರಲ್ಲಿ ಬಂತು. ಒಂಬತ್ತು ಪ್ರಶ್ನೆ, ಗರಿಷ್ಠ 27. ನಿದ್ದೆಗೆ ಒಂದೇ ಪ್ರಶ್ನೆ, ಮೂರೇ ಅಂಕ. ಬಹಳ ಜನ ಗಮನಿಸದ ಒಂದು ಸಂಗತಿಯೂ ಇದೆ. ಆ ಹಾಳೆ ‘ಎಷ್ಟು ತೀವ್ರ’ ಎಂದು ಕೇಳುವುದೇ ಇಲ್ಲ, ‘ಎಷ್ಟು ದಿನ’ ಎಂದು ಕೇಳುತ್ತದೆ. ಎರಡು ವಾರವೂ ಮಂಕು ಕವಿದಂತಿದ್ದು ಕೆಲಸಕ್ಕೆ ಹೋಗಿ ಬರುವವರಿಗೆ 3 ಸಿಗುತ್ತದೆ. ನಾಲ್ಕು ದಿನ ಹಾಸಿಗೆ ಬಿಟ್ಟೇಳದೆ ನರಳಿ ಉಳಿದ ದಿನ ಸುಮಾರಾಗಿದ್ದವರಿಗೆ 1. ಹ್ಯಾಮಿಲ್ಟನ್‌ನಲ್ಲಿ ಇದು ತಲೆಕೆಳಗಾಗಬಹುದು. ಕಾಲಾವಧಿಯೂ ಬೇರೆ: ಅಲ್ಲಿ ಸಾಮಾನ್ಯವಾಗಿ ಕಳೆದ ಒಂದು ವಾರ, ಇಲ್ಲಿ ಎರಡು ವಾರ.

ನಿಮ್ಮ 16 ಮತ್ತು ವೈದ್ಯರ 8 ಎರಡೂ ಸುಳ್ಳಲ್ಲದೆ ಇರುವುದು ಸಾಧ್ಯ.

ಅಂಕಿಬುರುಕ
ಡಾಕ್ಟರ ಮಾತಿಗೆ ಒಂದು ಸೇರಿಕೆ. 27ರ ಹಾಳೆಯ 16ನ್ನೂ 52ರ ಹಾಳೆಯ 8ನ್ನೂ ಅಕ್ಕಪಕ್ಕ ಇಡುವುದು ಎಸ್ಸೆಸ್ಸೆಲ್ಸಿ ಅಂಕವನ್ನು ಸಿಇಟಿ ರ‍್ಯಾಂಕಿನ ಪಕ್ಕ ಇಟ್ಟಂತೆ. ಮೊದಲು ಅವು ಯಾವ ವರ್ಗಕ್ಕೆ ಸೇರುತ್ತವೆ ನೋಡಬೇಕು. ಪಿಎಚ್‌ಕ್ಯೂನಲ್ಲಿ 5, 10, 15, 20 ಗಡಿಗಳು. 16 ಎಂದರೆ ಮಧ್ಯಮವನ್ನು ದಾಟಿ ತೀವ್ರದ ಕಡೆಗೆ. ಹ್ಯಾಮಿಲ್ಟನ್‌ನಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗ ಶಮನವಾಗಿದೆ ಎಂದು ಸಂಶೋಧಕರು ಒಪ್ಪಿಕೊಂಡಿದ್ದಾರೆ, 8 ಎಂದರೆ ಆ ಗಡಿಯ ಹೊಸ್ತಿಲು. ಮಾಪಕ ಬೇರೆ ಎಂದು ರಿಯಾಯಿತಿ ಕೊಟ್ಟರೂ ಇಲ್ಲಿ ಅಂತರ ದೊಡ್ಡದೇ.

‘ರೋಗಿ ಯಾವಾಗಲೂ ಹೆಚ್ಚು ಹೇಳುತ್ತಾನೆ’ ಎಂಬ ನೇರಮಾತು ಅವರ ವಾದಕ್ಕೆ ಅಂಕಿಗಳ ಬೆಂಬಲವಿಲ್ಲ. ಅಮೆರಿಕದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದ ಮೊದಲ ಹಂತದ ಫಲಿತಾಂಶ 2006ರಲ್ಲಿ ಬಂತು. 2,876 ಜನರಿಗೆ ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟಿದ್ದರು. ಹ್ಯಾಮಿಲ್ಟನ್ ಪ್ರಕಾರ ಶೇ 28 ಮಂದಿಗೆ ಶಮನ, ರೋಗಿಗಳೇ ತುಂಬಿಸಿದ 16 ಪ್ರಶ್ನೆಗಳ ಕ್ಯೂಐಡಿಎಸ್ ಹಾಳೆಯ ಪ್ರಕಾರ ಶೇ 33. ಅಂದರೆ ರೋಗಿಗಳ ಹಾಳೆಯೇ ಹೆಚ್ಚು ಜನರನ್ನು ಗುಣವಾದವರೆಂದು ತೋರಿಸಿತು. ಇದರ ಹಿಂದೆಯೂ ಒಂದು ಲೆಕ್ಕಾಚಾರವಿದೆ: ಕೊನೆಯ ಹ್ಯಾಮಿಲ್ಟನ್ ಸಂದರ್ಶನಕ್ಕೆ ಸಿಗದೆ ಹೋದವರನ್ನು ಗುಣವಾಗದವರ ಪಟ್ಟಿಗೆ ಸೇರಿಸಿದ್ದರು. ಸ್ವಂತ ಹಾಳೆಯಾದರೋ ಪ್ರತಿ ಭೇಟಿಯಲ್ಲೂ ಕೈಗೆ ಸಿಗುತ್ತಿತ್ತು. ಇನ್ನೊಂದು ತಮಾಷೆ. ಪಕ್ಷಪಾತ ಬಾರದಿರಲೆಂದು ಆ ಹ್ಯಾಮಿಲ್ಟನ್ ಸಂದರ್ಶನಗಳನ್ನು ಹೊರಗಿನವರಿಂದ ದೂರವಾಣಿಯಲ್ಲಿ ಮಾಡಿಸಿದ್ದರು. ರೋಗಿಯ ಚಲನೆ ನಿಧಾನವಾಗಿದೆಯೇ, ಕೈ ಹಿಸುಕಿಕೊಳ್ಳುತ್ತಾನೆಯೇ ಎಂದು ಗುರುತಿಸಬೇಕಾದ ಮಾಪಕ, ಫೋನಿನಲ್ಲಿ!

ನೇರಮಾತು
ಅದು ಒಂದು ಅಧ್ಯಯನ. ಸುಳ್ಳು ಹೇಳುವವರ ವಿಷಯಕ್ಕೆ ಉತ್ತರ ಬರಲಿಲ್ಲ.

ಅಂಕಿಬುರುಕ
ಬರುತ್ತದೆ. ಬೇಕೆಂದೇ ಹೆಚ್ಚು ಬರೆಯುವವರು ಇರುತ್ತಾರೆ, ಇಲ್ಲವೆಂದವರಾರು? ಆದರೆ ನೀವು ಹೇಳುವ ರಜೆಯಂತಹ ಸವಲತ್ತಿನ ಕಾಗದಗಳು ಪಿಎಚ್‌ಕ್ಯೂ ಮೇಲೆ ನಡೆಯುವುದಿಲ್ಲ. ಮಾನಸಿಕ ಕಾಯಿಲೆಯ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲಿ ಐಡಿಯಾಸ್ ಎಂಬ ಬೇರೆಯೇ ಮಾಪಕವಿದೆ, ಅದನ್ನು ತುಂಬಿಸುವವರು ವೈದ್ಯರು.

ಅಂಕ ಉಬ್ಬಿಸುವ ಆಸೆ ರೋಗಿಗೆ ಮಾತ್ರ ಇರುವುದೂ ಅಲ್ಲ. ಹೊಸ ಔಷಧದ ಪ್ರಯೋಗಗಳಲ್ಲಿ ‘ಹ್ಯಾಮಿಲ್ಟನ್ 20 ದಾಟಿದವರನ್ನು ಮಾತ್ರ ಸೇರಿಸಿಕೊಳ್ಳಿ’ ಎಂಬಂತಹ ಗಡಿ ಇರುತ್ತದೆ. ಜನ ಸೇರಿಸುವ ಒತ್ತಡ ಕೇಂದ್ರದವರ ಮೇಲೆ. ಪರಿಣಾಮವಾಗಿ ಗಡಿಯ ಸ್ವಲ್ಪ ಮೇಲೆಯೇ ಅಂಕಗಳು ಗುಂಪುಗೂಡುತ್ತವೆ. ಪ್ರಯೋಗ ಶುರುವಾದ ಕೂಡಲೇ ಅದೇ ಅಂಕ ತಾನಾಗಿ ಇಳಿಯುತ್ತದೆ, ಹೋಲಿಕೆಗೆಂದು ಕೊಟ್ಟ, ಔಷಧವಿಲ್ಲದ ಸಕ್ಕರೆ ಗುಳಿಗೆ ತಿಂದವರೂ ಗುಣವಾದಂತೆ ಕಾಣುತ್ತಾರೆ. ಇದು ಆ ಕ್ಷೇತ್ರದವರೇ ಒಪ್ಪಿಕೊಂಡ ಹಳೆಯ ತಲೆನೋವು. ಇದಕ್ಕಾಗಿಯೇ ಈಗ ಹಲವು ಪ್ರಯೋಗಗಳಲ್ಲಿ ಅಂಕ ಹಾಕುವವರಿಗೆ ಗಡಿ ಎಷ್ಟೆಂದು ಹೇಳುವುದಿಲ್ಲ.

ಮಾತಿನ ಚಿಕಿತ್ಸೆಯಲ್ಲೂ ಹೀಗೆಯೇ. ಪಿಮ್ ಕಾಯ್ಪರ್ಸ್ ಮತ್ತು ಸಂಗಡಿಗರು 2010ರಲ್ಲಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದೇ ಚಿಕಿತ್ಸೆ, ಅದೇ ರೋಗಿಗಳಾದರೂ ವೈದ್ಯರ ಮಾಪಕದಲ್ಲಿ ಚಿಕಿತ್ಸೆಯ ಲಾಭ ಹೆಚ್ಚು ಕಂಡಿತ್ತು, ರೋಗಿಗಳ ಮಾಪಕದಲ್ಲಿ ಕಡಿಮೆ. ವೈದ್ಯರು ಉದಾರಿಗಳೋ, ರೋಗಿಗಳು ಜಿಪುಣರೋ, ಆ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ.

ಮೇಷ್ಟರ ಮಗಳು
ಇಲ್ಲಿ ಎಲ್ಲರೂ ರೋಗಿಯ ಅಂಕ ಹೆಚ್ಚು ಬರುವ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಪ್ಪ ನಿವೃತ್ತ ಹೈಸ್ಕೂಲು ಮೇಷ್ಟರು. ಅಮ್ಮ ಹೋದ ಮೇಲೆ ಮಾತು ಕಡಿಮೆಯಾಯಿತು, ಪತ್ರಿಕೆ ಮಡಿಸಿದ ಹಾಗೆಯೇ ಇರುತ್ತಿತ್ತು. ಬಲವಂತದಿಂದ ಕರೆದುಕೊಂಡು ಹೋದೆವು. ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ‘ಇಲ್ಲವೇ ಇಲ್ಲ’. ನಿದ್ದೆಗೆ ಮಾತ್ರ 1, ಅದೂ ‘ವಯಸ್ಸಾಯಿತಲ್ಲ’ ಎಂಬ ವಿವರಣೆಯ ಜೊತೆಗೆ.

ವೈದ್ಯೆ ಹಾಳೆಯನ್ನು ಪಕ್ಕಕ್ಕಿಟ್ಟರು. ಅಷ್ಟು ಗುರುತು ಹಾಕಲು ಅವರು ಎಷ್ಟು ಹೊತ್ತು ತೆಗೆದುಕೊಂಡರು ಎಂಬುದನ್ನು ಆಕೆ ನೋಡುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕದ ಮೌನವನ್ನು ನಾವೆಲ್ಲ ಅಪ್ಪನ ಗಾಂಭೀರ್ಯ ಎಂದುಕೊಂಡಿದ್ದೆವು. ಆಮೇಲೆ, ‘ಸರ್, ನಿಮ್ಮ ಬೆಲ್ಟ್ ಒಮ್ಮೆ ನೋಡಬಹುದೇ?’ ಎಂದರು. ಬೆಲ್ಟಿನ ಕೊನೆಯ ತೂತಿನಿಂದ ಒಳಕ್ಕೆ ಮೊಳೆಯಲ್ಲಿ ಹೊಡೆದ ಎರಡು ಹೊಸ ತೂತುಗಳಿದ್ದವು. ಒಂದೇ ಮನೆಯಲ್ಲಿದ್ದ ನಮಗೆ ಅದು ಕಂಡಿರಲಿಲ್ಲ. ಅವರು ಹಾಕಿದ ಹ್ಯಾಮಿಲ್ಟನ್ ಅಂಕ ತೀವ್ರ ವರ್ಗಕ್ಕೆ ಬಂತು. ಅಪ್ಪನ ಸ್ವಂತ ಹಾಳೆಯನ್ನು ನಂಬಿದ್ದರೆ ‘ಏನೂ ಇಲ್ಲ, ವಿಟಮಿನ್ ಕೊಡಿ’ ಎಂದು ವಾಪಸ್ಸು ಬರುತ್ತಿದ್ದೆವು.

ಮಂಗಳವಾರದ ಡಾಕ್ಟರು
ಮೇಷ್ಟರ ಮಗಳು ಬರೆದದ್ದನ್ನು ನನ್ನ ಕಿರಿಯ ವೈದ್ಯರಿಗೆ ಓದಿಸಬೇಕು. ಹ್ಯಾಮಿಲ್ಟನ್‌ನಲ್ಲಿ ‘ಅರಿವು’ ಎಂಬ ಒಂದು ಅಂಶವಿದೆ. ತನಗೆ ಕಾಯಿಲೆಯೇ ಇಲ್ಲವೆಂದು ಸಾಧಿಸುವವರಿಗೆ ಅದರಲ್ಲಿ ಪೂರ್ತಿ ಎರಡು ಅಂಕ. ‘ಚೆನ್ನಾಗಿದ್ದೇನೆ’ ಎನ್ನುವ ಮಾತೇ ಅಲ್ಲಿ ಅಂಕ ಏರಿಸುತ್ತದೆ. ರೋಗಿಯೇ ತುಂಬಿಸುವ ಹಾಳೆಗೆ ಆ ಸಾಮರ್ಥ್ಯವಿಲ್ಲ.

ಪ್ರೂಸಾಫ್, ಕ್ಲರ್ಮನ್, ಪೇಕೆಲ್ ಎಂಬ ಮೂವರು 1972ರಲ್ಲೇ ತೋರಿಸಿದ್ದ ಸಂಗತಿ: ಕಾಯಿಲೆ ಜೋರಾಗಿರುವಾಗ ರೋಗಿಯ ಅಂಕಕ್ಕೂ ವೈದ್ಯರ ಅಂಕಕ್ಕೂ ಹೊಂದಾಣಿಕೆ ಕಡಿಮೆ, ಚೇತರಿಸಿಕೊಂಡ ಮೇಲೆ ಹೊಂದಾಣಿಕೆ ಹೆಚ್ಚು. ಅಂದರೆ ಅಳತೆ ಅತ್ಯಂತ ಬೇಕಾದ ಹೊತ್ತಿನಲ್ಲೇ ಎರಡು ಹಾಳೆಗಳು ದೂರ ನಿಲ್ಲುತ್ತವೆ.

1979ರಲ್ಲಿ ಮಾಂಟ್‌ಗೊಮರಿ ಮತ್ತು ಓಸ್ಬರ್ಗ್ ಮಾಡಿದ ಮ್ಯಾಡ್ರಸ್ ಮಾಪಕ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಹತ್ತು ಅಂಶಗಳಲ್ಲಿ ಮೊದಲನೆಯದು ಕಣ್ಣಿಗೆ ಕಾಣುವ ದುಃಖ, ಎರಡನೆಯದು ಬಾಯಲ್ಲಿ ಹೇಳಿಕೊಂಡ ದುಃಖ. ಎರಡಕ್ಕೂ ಬೇರೆ ಬೇರೆ ಅಂಕ, ತಲಾ ಆರು. ಎರಡೂ ಒಂದೇ ಆಗಿರಬೇಕಿಲ್ಲ ಎಂದು ಮಾಪಕವೇ ಒಪ್ಪಿಕೊಂಡಂತೆ. ರೋಗಿಯೇ ತುಂಬಿಸುವ ಅದರ ಇನ್ನೊಂದು ರೂಪದಲ್ಲಿ ಒಂಬತ್ತೇ ಅಂಶಗಳಿವೆ. ಬಿಟ್ಟುಹೋದದ್ದು ಯಾವುದೆಂದು ನೀವೇ ಊಹಿಸಬಹುದು.

ಸಂತೆ ಲೆಕ್ಕ
ಎಲ್ಲರೂ ರೋಗಿ ಕುಳಿತು ಓದಿ ತುಂಬಿಸುತ್ತಾರೆ ಎಂದೇ ಮಾತನಾಡುತ್ತಿದ್ದೀರಿ. ನಾನು ಕೊಪ್ಪಳದ ಕಡೆ ಆಪ್ತಸಮಾಲೋಚಕಿ. ನನ್ನ ಬಳಿ ಬರುವ ಹೆಂಗಸರಲ್ಲಿ ಹಲವರಿಗೆ ಓದಲು ಬರುವುದಿಲ್ಲ. ಕನ್ನಡದ ಪಿಎಚ್‌ಕ್ಯೂ ಹಾಳೆ ಇದೆ, ನಾನು ಓದುತ್ತೇನೆ, ಅವರು ಹೇಳುತ್ತಾರೆ, ನಾನು ಗುರುತು ಹಾಕುತ್ತೇನೆ. ಇದು ರೋಗಿಯ ಅಂಕವೋ ನನ್ನ ಅಂಕವೋ? ಆಶಾ ಕಾರ್ಯಕರ್ತೆಯರು ಆರೋಗ್ಯ ತಪಾಸಣೆಗೆಂದು ಮನೆಮನೆಗೆ ಒಯ್ಯುವ ಸಿಬ್ಯಾಕ್ ಎಂಬ ಫಾರಂನಲ್ಲೂ ಪಿಎಚ್‌ಕ್ಯೂನ ಮೊದಲ ಎರಡು ಪ್ರಶ್ನೆಗಳಿವೆ. ಅಲ್ಲಿಯೂ ಓದುವವರು ಅವರೇ. ಎದುರಿಗೆ ಇಡೀ ಮನೆ ಕುಳಿತಿರುತ್ತದೆ.

ಒಂದು ಪ್ರಸಂಗ. ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಹೊಟ್ಟೆಯುರಿ, ಎದೆ ಭಾರ, ಕೈಕಾಲಿನಲ್ಲಿ ಬಲವಿಲ್ಲ ಎಂದು ಬಂದ ಸೊಸೆ. ‘ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?’ ಎಂದು ಓದಿದೆ. ಅತ್ತೆ, ‘ಅವಳಿಗೆ ಎಂಥ ಚಿಂತೆ ಮೇಡಂ, ಮನೆಯಲ್ಲಿ ಎಲ್ಲವೂ ಇದೆ’ ಎಂದರು. ಸೊಸೆ ತಲೆಯಾಡಿಸಿದಳು, ನಾನು ಸೊನ್ನೆ ಬರೆದೆ. ಆಮೇಲೆ ಅತ್ತೆಯನ್ನು ರಕ್ತದೊತ್ತಡ ನೋಡಿಸಲು ಪಕ್ಕದ ಕೋಣೆಗೆ ಕಳಿಸಿ ಮತ್ತೆ ಮೊದಲಿನಿಂದ ಓದಿದೆ. ಆಗ ಬಂದ ಮೊತ್ತ ಬೇರೆಯೇ. ಒಂಬತ್ತನೆಯ ಪ್ರಶ್ನೆಗೆ ಬಂದಾಗ ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ಎರಡು ಬೆರಳು ತೋರಿಸಿದಳು.

ಇನ್ನು ‘ಕಳೆದ ಎರಡು ವಾರಗಳಲ್ಲಿ’ ಎಂದು ಕೇಳಿದರೆ ನಮ್ಮ ಕಡೆ ಉತ್ತರ ಬರುವುದಿಲ್ಲ. ‘ಹೋದ ಸಂತೆಯ ಹಿಂದಿನ ಸಂತೆಯಿಂದ ಇವತ್ತಿನವರೆಗೆ’ ಎಂದರೆ ಥಟ್ಟನೆ ಲೆಕ್ಕ ಹಿಡಿಯುತ್ತಾರೆ. ಹೀಗೆ ಕೇಳಬಹುದೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಅಂಕಿಬುರುಕ
ಅಕ್ಕ, ನಿಮ್ಮ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. 1961ರಲ್ಲಿ ಆ್ಯರನ್ ಬೆಕ್ ತಮ್ಮ 21 ಅಂಶಗಳ ಪ್ರಶ್ನಾವಳಿಯನ್ನು ಮೊದಲು ತಂದಾಗ ತರಬೇತಾದ ಒಬ್ಬರು ಎದುರು ಕುಳಿತು ಗಟ್ಟಿಯಾಗಿ ಓದುತ್ತಿದ್ದರು, ರೋಗಿಯ ಕೈಯಲ್ಲಿ ಒಂದು ಪ್ರತಿ ಇರುತ್ತಿತ್ತು. ರೋಗಿಯ ಸ್ವಂತ ಅಂಕ ಎಂದು ಇವತ್ತು ಎಲ್ಲರೂ ಹೆಸರಿಸುವ ಮಾಪಕ ಶುರುವಾದದ್ದೇ ನಿಮ್ಮ ಪದ್ಧತಿಯಲ್ಲಿ.

ಮಂಗಳವಾರದ ಡಾಕ್ಟರು
ಸಂತೆ ಲೆಕ್ಕ ಮೇಡಂ ಹೇಳಿದ ಹೊಟ್ಟೆಯುರಿ, ಎದೆ ಭಾರದ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಕೆಲಸ ನಡೆದಿದೆ. ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ನಿಮ್ಹಾನ್ಸ್‌ನ 80 ಹೊರರೋಗಿಗಳ ಮೇಲೆ ಮಾಡಿ 1996ರಲ್ಲಿ ಪ್ರಕಟಿಸಿದ್ದು. ಖಿನ್ನತೆಯ ಅಂಕ ಏರಿದಂತೆ ಕಳಂಕದ ಭಾವವೂ ಏರಿತ್ತು. ಆದರೆ ಮೈನೋವು, ಸುಸ್ತಿನಂತಹ ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಳಂಕದ ಭಾವ ಕಡಿಮೆಯಿತ್ತು. ಹೊಟ್ಟೆನೋವು ಎಂದರೆ ಯಾರೂ ಬೆರಳು ತೋರಿಸುವುದಿಲ್ಲ, ಮನಸ್ಸಿಗೆ ಸರಿಯಿಲ್ಲ ಎಂದರೆ ತಂಗಿಯ ಮದುವೆಯೂ ನಿಲ್ಲಬಹುದು. ಹೀಗಿರುವಾಗ ರೋಗಿ ಯಾವುದಕ್ಕೆ ಮೂರು ಕೊಟ್ಟಾರು, ಯಾವುದಕ್ಕೆ ಸೊನ್ನೆ? ಅತ್ತೆಯ ಎದುರಿನ ಸೊನ್ನೆ ಮರೆವಿನಿಂದ ಬಂದದ್ದಲ್ಲ, ಲೆಕ್ಕ ಹಾಕಿ ಕೊಟ್ಟ ಉತ್ತರ.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಖಡಾಖಂಡಿತವಾಗಿ ಒಂದು ಮಾತು. ಸತ್ತರೆ ಒಳ್ಳೆಯದು, ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆಯನ್ನು ಕೇಳುವ ಪ್ರಶ್ನೆ ಅದು. ಅಲ್ಲಿ ಕಾಗದ ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಸರಾಸರಿ ತೆಗೆಯುವಂತಿಲ್ಲ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿದು, ಆ ವ್ಯಕ್ತಿಯನ್ನು ಒಬ್ಬರನ್ನೇ ಕೂರಿಸಿ ಬಿಡಿಸಿ ಕೇಳಬೇಕು. ಮುಖಾಮುಖಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳುವವರಿದ್ದಾರೆ, ಕಾಗದವೆಂದರೆ ಹೆದರಿ ಬಾಯಲ್ಲಿ ಹೇಳುವವರೂ ಇದ್ದಾರೆ. ಓದುತ್ತಿರುವ ಯಾರಿಗಾದರೂ ಆ ಯೋಚನೆ ಬರುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.

ಹೊಸಬ_ಮೈಸೂರು
ಮನಶ್ಶಾಸ್ತ್ರದ ವಿದ್ಯಾರ್ಥಿ ನಾನು. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೈಲೋಸೈಬಿನ್ (ಕೆಲವು ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ವಸ್ತು) ಮತ್ತು ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು ಹೋಲಿಸಿದ ಪ್ರಯೋಗವೂ ಇಲ್ಲಿಗೆ ಹೊಂದುತ್ತದಲ್ಲವೇ? 59 ರೋಗಿಗಳು, ಆರು ವಾರ. ಮುಖ್ಯ ಅಳತೆ ರೋಗಿಗಳೇ ತುಂಬಿಸುವ ಕ್ಯೂಐಡಿಎಸ್. ಅದರಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಬರಲಿಲ್ಲ. ವೈದ್ಯರು ಅಂಕ ಹಾಕಿದ ಹ್ಯಾಮಿಲ್ಟನ್ ಮತ್ತು ಮ್ಯಾಡ್ರಸ್‌ನಲ್ಲಿ ಸೈಲೋಸೈಬಿನ್ ಮುಂದಿತ್ತು. ವೈದ್ಯರ ಮಾಪಕವನ್ನೇ ಮುಖ್ಯವೆಂದು ಇಟ್ಟುಕೊಂಡಿದ್ದರೆ ಪತ್ರಿಕೆಗಳ ತಲೆಬರಹವೇ ಬೇರೆಯಾಗುತ್ತಿತ್ತು.

ಅಂಕಿಬುರುಕ
ಒಳ್ಳೆಯ ಉದಾಹರಣೆ, ಆದರೆ ಅವಸರ ಬೇಡ. ಅದೇ ಪ್ರಯೋಗದಲ್ಲಿ ಬೆಕ್ ಪ್ರಶ್ನಾವಳಿಯೂ ಇತ್ತು, ಅದನ್ನೂ ತುಂಬಿಸಿದ್ದು ರೋಗಿಗಳೇ, ಅದೂ ಸೈಲೋಸೈಬಿನ್ ಕಡೆಗೇ ವಾಲಿತ್ತು. ಆದ್ದರಿಂದ ರೋಗಿ ಒಂದು ಪಕ್ಷ, ವೈದ್ಯ ಇನ್ನೊಂದು ಪಕ್ಷ ಎಂದು ಗೆರೆ ಎಳೆಯಲಾಗದು. ಹಾಳೆಯಲ್ಲಿ ಏನು ಕೇಳಿದೆ ಎಂಬುದೂ ಯಾರು ತುಂಬಿಸಿದರು ಎಂಬುದರಷ್ಟೇ ಮುಖ್ಯ. ಆ ಇತರ ಅಳತೆಗಳಿಗೆ, ಹಲವನ್ನು ಒಟ್ಟಿಗೆ ನೋಡುವಾಗ ಮಾಡಬೇಕಾದ ಸಂಖ್ಯಾಶಾಸ್ತ್ರದ ತಿದ್ದುಪಡಿಯನ್ನೂ ಮಾಡಿರಲಿಲ್ಲ. ಸೈಲೋಸೈಬಿನ್ ತೆಗೆದುಕೊಂಡವನಿಗೆ ತಾನು ತೆಗೆದುಕೊಂಡದ್ದು ಏನೆಂದು ಗಂಟೆಯೊಳಗೆ ಗೊತ್ತಾಗಿಬಿಡುತ್ತದೆ ಎಂಬುದು ಇನ್ನೊಂದು ತೊಡಕು.

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮೊತ್ತವನ್ನು ಬಿಟ್ಟು ನನ್ನ ಹಾಳೆಯನ್ನು ಒಂದೊಂದೇ ಪ್ರಶ್ನೆಯಾಗಿ ನೋಡಿದೆ. ಡಾಕ್ಟರು ಊಹಿಸಿದಂತೆ ನಿದ್ದೆಗೆ 0, ಊಟಕ್ಕೆ 1. ಉಳಿದ 15 ಅಂಕ ಬಂದದ್ದು ಆಸಕ್ತಿ, ಮಂಕು, ಸುಸ್ತು, ಏಕಾಗ್ರತೆ ಮತ್ತು ‘ನಾನು ಕೈಲಾಗದವನು’ ಎಂಬ ಪ್ರಶ್ನೆಗಳಿಂದ, ಎಲ್ಲದಕ್ಕೂ ಮೂರು ಮೂರು. ನಾನು ಕೆಲಸಕ್ಕೆ ಹೋಗುತ್ತೇನೆ, ಕೌಂಟರಿನಲ್ಲಿ ಕೂರುತ್ತೇನೆ, ಗ್ರಾಹಕರಿಗೆ ನಗುನಗುತ್ತಲೇ ಚಲನ್ ತಿದ್ದಿಕೊಡುತ್ತೇನೆ. ಮನೆಗೆ ಬಂದು ಶೂ ಬಿಚ್ಚದೆ ಕತ್ತಲಾಗುವ ತನಕ ಅಲ್ಲೇ ಕುಳಿತಿರುತ್ತೇನೆ. ವೈದ್ಯರು ‘ಕೆಲಸಕ್ಕೆ ಹೋಗುತ್ತಿದ್ದೀರಾ?’ ಎಂದು ಕೇಳಿದರು, ‘ಹೌದು’ ಎಂದೆ. ಶೂವಿನ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಗಳವಾರದ ಡಾಕ್ಟರು
ನೀವು ಈಗ ಬರೆದ ಈ ಪ್ಯಾರಾವನ್ನೇ ಚೀಟಿಯಲ್ಲಿ ಬರೆದು ಒಯ್ಯಿರಿ. ಹ್ಯಾಮಿಲ್ಟನ್‌ನ ‘ಕೆಲಸ ಮತ್ತು ಚಟುವಟಿಕೆ’ ಅಂಶಕ್ಕೆ ನಾಲ್ಕು ಅಂಕಗಳಿವೆ, ‘ಹೋಗುತ್ತಿದ್ದಾರೆ’ ಎಂಬ ಒಂದೇ ಉತ್ತರದಿಂದ ಅದನ್ನು ಮುಗಿಸಿಬಿಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಸಾಲಿನಲ್ಲಿ ಅರವತ್ತು ಜನ ನಿಂತಿರುವಾಗ ಇನ್ನೂ ಹೆಚ್ಚು.

ಗುಣವಾಗುವುದು ಎಂದರೆ ಏನೆಂದು ಅಮೆರಿಕದ ಮಾರ್ಕ್ ಝಿಮ್ಮರ್‌ಮನ್ 2006ರಲ್ಲಿ ಖಿನ್ನತೆಯ ರೋಗಿಗಳನ್ನೇ ಕೇಳಿದ್ದರು. ಲಕ್ಷಣಗಳು ಹೋಗುವುದಕ್ಕಿಂತ ಭರವಸೆ, ಆತ್ಮವಿಶ್ವಾಸ ಮರಳುವುದು, ಮೊದಲಿನ ನಾನಾಗುವುದು, ಎಂದಿನಂತೆ ಬದುಕು ನಡೆಸುವುದು ಅವರಿಗೆ ಮುಖ್ಯವಾಗಿತ್ತು. ಇದರಲ್ಲಿ ಹೆಚ್ಚಿನದು ಹ್ಯಾಮಿಲ್ಟನ್‌ನ 17 ಅಂಶಗಳಲ್ಲಿ ಇಲ್ಲವೇ ಇಲ್ಲ. ನಿಮ್ಮ ವೈದ್ಯರು 8 ಹಾಕಿದ್ದು ಮಾಪಕದ ಮಟ್ಟಿಗೆ ಸರಿಯೇ ಇರಬಹುದು. ಆದರೆ ಅದೇ ಪ್ರಮಾಣ ಮುಂದುವರಿಸುವ ತೀರ್ಮಾನಕ್ಕೆ ಆ 8 ಒಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ನೀವಾಗಿಯೇ ಮಾತ್ರೆ ಏರಿಸುವುದು, ಬಿಡುವುದು ಮಾತ್ರ ಬೇಡ.

ನೇರಮಾತು
ಹಾಗಿದ್ದರೆ ವೈದ್ಯರು ರೋಗಿಯ ಹಾಳೆಯನ್ನು ಮೊದಲೇ ಓದಿಬಿಡಬೇಕಲ್ಲವೇ? ಅದನ್ನು ಬದಿಗಿಟ್ಟು ತಮ್ಮದನ್ನು ಬರೆಯುವುದೇಕೆ?

ಅಂಕಿಬುರುಕ
ಸಂಶೋಧನೆಯಲ್ಲಿ ಓದಬಾರದು. ಓದಿದರೆ ಎರಡನೆಯ ಅಂಕ ಮೊದಲನೆಯದರ ನಕಲಾಗುತ್ತದೆ.

ಸಂತೆ ಲೆಕ್ಕ
ಸಂಶೋಧನೆಗೆ ಸರಿ. ನನ್ನ ಮೇಜಿನಲ್ಲಿ ಓದದೆ ಮುಂದೆ ಹೋಗುವುದಿಲ್ಲ. ಅವಳು ತೋರಿಸಿದ ಎರಡು ಬೆರಳನ್ನು ನೋಡದಂತೆ ಕೂರಲು ನನ್ನಿಂದ ಸಾಧ್ಯವಿಲ್ಲ.

ಮಂಗಳವಾರದ ಡಾಕ್ಟರು
ನಾನು ಮಾಡುವುದು ಹೀಗೆ: ಒಂಬತ್ತನೆಯ ಪ್ರಶ್ನೆಯನ್ನು ಮಾತ್ರ ಮೊದಲೇ ನೋಡುತ್ತೇನೆ. ಉಳಿದದ್ದನ್ನು ನನ್ನ ಅಂಕ ಬರೆದ ಮೇಲೆ ಪಕ್ಕಕ್ಕಿಟ್ಟು, ರೋಗಿಯ ಎದುರೇ ಒಂದೊಂದು ಸಾಲು ಹೋಲಿಸುತ್ತೇನೆ. ದೊಡ್ಡ ಅಂತರ ಇರುವ ಎರಡು ಮೂರು ಸಾಲುಗಳ ಮೇಲೆಯೇ ಉಳಿದ ಮಾತುಕತೆ. ಸಮಯ ಹಿಡಿಯುತ್ತದೆ, ಎಲ್ಲ ಮಂಗಳವಾರವೂ ಆಗುವುದಿಲ್ಲ.

ತುಂಗಾತೀರ
ಕೊನೆಯದಾಗಿ ಒಂದು, ಡಾಕ್ಟರೇ. ವೈದ್ಯರ ಹಾಳೆಯ ಪ್ರತಿಯನ್ನು ನಾನು ಕೇಳಬಹುದೇ? ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರೇನೋ.

ಮಂಗಳವಾರದ ಡಾಕ್ಟರು
ಧಾರಾಳವಾಗಿ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೆಯ ಕಲಮು ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ನೀವು ಕಾನೂನಿನ ಮಾತು ತೆಗೆಯಬೇಕಾಗಿಯೂ ಬರಲಿಕ್ಕಿಲ್ಲ. ‘ಸರ್, ನನ್ನದಕ್ಕೂ ನಿಮ್ಮದಕ್ಕೂ ಎಲ್ಲಿ ವ್ಯತ್ಯಾಸ ಬಂದಿದೆ ನೋಡಬೇಕಿತ್ತು’ ಎಂದರೆ ಸಾಕು. ಹಿಂದಿನ ಭೇಟಿಗಳ ಪಿಎಚ್‌ಕ್ಯೂ ಹಾಳೆಗಳು ಕಡತದಲ್ಲಿದ್ದರೆ ಅವನ್ನೂ ತೆಗೆಸಿ. ಇಷ್ಟು ತಿಂಗಳಲ್ಲಿ ಆ ಐದು ಸಾಲುಗಳು ಒಮ್ಮೆಯಾದರೂ ಮೂರರಿಂದ ಕೆಳಗೆ ಇಳಿದಿದ್ದವೇ ಎಂಬುದನ್ನು ನಿಮ್ಮ ವೈದ್ಯರು ನೋಡಬೇಕು.